ಬೈಟು ಕಾಫಿಯಷ್ಟು ಕಡಿಮೆ ಬಿದ್ದ ಸೆಪ್ಟೆಂಬರ್: 2017ರ ಬೆಂಗಳೂರು ಮಳೆಯ ಲೆಕ್ಕ

ಬೈಟು ಕಾಫಿ ಗೊತ್ತಲ್ವಾ? ದರ್ಶಿನಿಯಲ್ಲಿ ಒಂದು ಕಾಫಿ ತಗೊಂಡು ಇಬ್ಬರು ಹಂಚಿಕೊಂಡರೆ ಒಬ್ಬರ ಲೋಟಕ್ಕೆ ಐವತ್ತು ಅರವತ್ತು ಎಂಎಲ್ ಬರುತ್ತದೆ. 2017ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಮಳೆಮಾಪಕಕ್ಕೆ ಇನ್ನು ಅಷ್ಟು ನೀರು ಬಿದ್ದಿದ್ದರೆ 31 ವರ್ಷದ ದಾಖಲೆ ಸರಿಗಟ್ಟುತ್ತಿತ್ತು.

ಸುಮ್ನೆ ಮಾತಿಗೆ ಹೇಳುತ್ತಿಲ್ಲ. ಲೆಕ್ಕ ಹೀಗಿದೆ. ಆ ತಿಂಗಳು ನಗರದ ಹವಾಮಾನ ಕೇಂದ್ರದಲ್ಲಿ ದಾಖಲಾದ ಮಳೆ 513.8 ಮಿ.ಮೀ. ಸೆಪ್ಟೆಂಬರ್ ತಿಂಗಳ ಸಾರ್ವಕಾಲಿಕ ದಾಖಲೆ 1986ರದ್ದು, 516.6 ಮಿ.ಮೀ. ನಡುವಿನ ಅಂತರ 2.8 ಮಿ.ಮೀ. ನಮ್ಮಲ್ಲಿ ಬಳಸುವ ಮಳೆಮಾಪಕದ ಬಾಯಿ 200 ಚದರ ಸೆಂಟಿಮೀಟರ್ ಇದ್ದರೆ, ಒಂದು ಮಿ.ಮೀ. ಮಳೆಗೆ 20 ಎಂಎಲ್ ನೀರು ಸೇರುತ್ತದೆ. 2.8 ಮಿ.ಮೀ.ಗೆ 56 ಎಂಎಲ್. ಬೈಟು ಕಾಫಿ.

ಆ ಸೆಪ್ಟೆಂಬರ್‌ಗೆ ಆಗ ಹೇಳುತ್ತಿದ್ದ ವಾಡಿಕೆ ಮಳೆ 212.8 ಮಿ.ಮೀ. ಅಂದರೆ ಬಿದ್ದದ್ದು ವಾಡಿಕೆಯ ಎರಡೂವರೆ ಪಟ್ಟಿಗೆ ಹತ್ತಿರ. ಶೇಕಡಾ ಲೆಕ್ಕ ಬೇಕಿದ್ದರೆ 141ರಷ್ಟು ಜಾಸ್ತಿ. ಅಕ್ಟೋಬರ್‌ನ ವಾಡಿಕೆ 168.3, ನವೆಂಬರ್‌ನದ್ದು 48.9. ಮೂರು ತಿಂಗಳನ್ನೂ ಕೂಡಿಸಿದರೆ ಸರಿಯಾಗಿ 430 ಮಿ.ಮೀ. ಹಾಗಾದರೆ ಮಳೆಗಾಲದ ಕೊನೆಯ ಮೂರು ತಿಂಗಳಿಗೆ ಹಂಚಿ ಬರಬೇಕಿದ್ದ ನೀರನ್ನು ಒಂದೇ ಸೆಪ್ಟೆಂಬರ್ ಸುರಿದು, ಮೇಲೆ 80 ಮಿ.ಮೀ. ಕೊಸರು ಕೊಟ್ಟು ಹೋಗಿತ್ತು.

ಈ ಅಂಕಿಗಳು ಆಗ ಎಲ್ಲ ಪೇಪರಿನಲ್ಲೂ ಬಂದವು. ನನಗೆ ಕುತೂಹಲ ಇರುವುದು ಇನ್ನೊಂದು ಕಡೆ. ಈ 'ವಾಡಿಕೆ' ಯಾರದ್ದು? ಅದಕ್ಕೆ ಹೋಲಿಸಿ ನೋಡಿದರೆ ಒಂದು ತಿಂಗಳ ಬಗ್ಗೆ ನಮಗೆ ನಿಜವಾಗಿ ಏನು ಗೊತ್ತಾಗುತ್ತದೆ? 2017ರ ಈ ಮೂರು ತಿಂಗಳು ಅದಕ್ಕೆ ಒಳ್ಳೆ ಉದಾಹರಣೆ. ಯಾಕೆಂದರೆ ಆ ವರ್ಷ ಲೆಕ್ಕವನ್ನು ಎಲ್ಲಿ ಕತ್ತರಿಸುತ್ತೀರಿ ಅನ್ನುವುದರ ಮೇಲೆ ಉತ್ತರವೇ ಬದಲಾಗುತ್ತದೆ.

ಬೆಂಗಳೂರಿಗೆ ಈ ಕಾಲ ಅಂದರೆ ಏನು

ಪಂಚಾಂಗದಲ್ಲಿ ಶರದೃತು ಅಂತ ಇದೆ, ಆಶ್ವಯುಜ ಮತ್ತು ಕಾರ್ತಿಕ. ಆದರೆ ಬೆಂಗಳೂರಲ್ಲಿ ನಿಂತು ನೋಡುವವರಿಗೆ ಎಲೆ ಉದುರುವುದು, ಬಣ್ಣ ಬದಲಾಗುವುದು ಏನೂ ಕಾಣುವುದಿಲ್ಲ. ಬೆಳಗ್ಗೆ ವಾಕಿಂಗ್ ಹೋದರೆ ಫುಟ್‌ಪಾತ್ ತುಂಬ ಆಕಾಶಮಲ್ಲಿಗೆ ಬಿದ್ದಿರುತ್ತದೆ, ಅಷ್ಟೇ ಗುರುತು. ಥರ್ಮಾಮೀಟರ್ ನೋಡಿದರೂ ಸುದ್ದಿ ಇಲ್ಲ. ಸೆಪ್ಟೆಂಬರ್, ಅಕ್ಟೋಬರ್ ಎರಡರಲ್ಲೂ ಹಗಲಿನ ಗರಿಷ್ಠ ತಾಪಮಾನದ ಸರಾಸರಿ 28 ಡಿಗ್ರಿ ಆಸುಪಾಸು. ನವೆಂಬರ್‌ನಲ್ಲಿ 27ರ ಹತ್ತಿರ. ರಾತ್ರಿ ಮಾತ್ರ ನವೆಂಬರ್‌ನಲ್ಲಿ ಎರಡು ಮೂರು ಡಿಗ್ರಿ ಇಳಿದು ಸ್ವೆಟರ್ ಹೊರಗೆ ಬರುತ್ತದೆ. 1967ರ ನವೆಂಬರ್ 15ರಂದು 9.6 ಡಿಗ್ರಿಗೆ ಇಳಿದದ್ದು ಆ ತಿಂಗಳ ದಾಖಲೆ. ಅದನ್ನು ಬಿಟ್ಟರೆ ಈ ಮೂರು ತಿಂಗಳಲ್ಲಿ ತಾಪಮಾನ ಹೇಳಿದ ಮಾತು ಕೇಳುವ ಹುಡುಗನ ಹಾಗೆ ಇರುತ್ತದೆ. ಕುಣಿಯುವುದೆಲ್ಲ ಮಳೆ.

ಊರಾಚೆಯವರಿಗೆ ಇದು ಆಶ್ಚರ್ಯ. ಮಂಗಳೂರು, ಆಗುಂಬೆ ಕಡೆಯವರಿಗೆ ಮಳೆಗಾಲ ಅಂದರೆ ಜೂನ್, ಜುಲೈ. ಬೆಂಗಳೂರಿಗೆ ಜೂನ್‌ನ ವಾಡಿಕೆ 106.5, ಜುಲೈನದ್ದು 112.9. ಆಗಸ್ಟ್‌ನಲ್ಲಿ 147. ಎಲ್ಲಕ್ಕಿಂತ ಎತ್ತರ ಸೆಪ್ಟೆಂಬರ್, ಎರಡನೆಯದು ಅಕ್ಟೋಬರ್. ಪಶ್ಚಿಮಘಟ್ಟದ ಆಚೆ ಬದಿಯಲ್ಲಿ ಮುಂಗಾರಿನ ಮೋಡ ನೀರು ಇಳಿಸಿ ಹಗುರಾಗಿ ಈ ಕಡೆ ಬರುತ್ತದೆ. ಹಾಗಾಗಿ ಜೂನ್, ಜುಲೈನಲ್ಲಿ ನಮಗೆ ಸಿಗುವುದು ಗಾಳಿ, ಮೋಡ ಮುಸುಕಿದ ಆಕಾಶ ಮತ್ತು ಜಿಟಿಜಿಟಿ. ನಿಜವಾದ ಆಟ ಶುರುವಾಗುವುದು ಮುಂಗಾರು ಸುಸ್ತಾದ ಮೇಲೆ. ಗಾಳಿ ಬಿದ್ದುಹೋಗುತ್ತದೆ. ಮಧ್ಯಾಹ್ನದ ಬಿಸಿಲು ಚುರುಕಾಗುತ್ತದೆ. ನೆಲದಲ್ಲಿ ಹಸಿ ಇರುತ್ತದೆ, ಬಂಗಾಳ ಕೊಲ್ಲಿ ಕಡೆಯಿಂದಲೂ ತೇವ ಬರಲು ಶುರುವಾಗುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಈ ಊರಿನ ಮೇಲೆ ಮಧ್ಯಾಹ್ನ ಮೂರಕ್ಕೆ ಹೂಕೋಸಿನಂಥ ಮೋಡ ಏಳುತ್ತದೆ. ಆರಕ್ಕೆ, ಆಫೀಸ್ ಬಿಡುವ ಹೊತ್ತಿಗೆ ಸರಿಯಾಗಿ, ಗುಡುಗಿ ಸುರಿಯುತ್ತದೆ. ದಿನವಿಡೀ ಹಿಡಿಯುವ ಮಳೆ ಅಪರೂಪ. ಎರಡು ಮೂರು ಗಂಟೆಯ ಮಳೆ, ಅದೂ ಊರಿನ ಒಂದು ಭಾಗಕ್ಕೆ ಮಾತ್ರ.

ಹಳ್ಳಿ ಕಡೆ ಇದಕ್ಕೆ ಒಳ್ಳೆ ಮಾತಿದೆ: ಕುರುಡು ಚಿತ್ತೆ ಎರಚಿದತ್ತ ಮಳೆ. ಚಿತ್ತೆ ಮಳೆ ಅಂದರೆ ಅಕ್ಟೋಬರ್ 10ರ ಸುಮಾರಿಗೆ ಶುರುವಾಗಿ ಎರಡು ವಾರದಷ್ಟು ಇರುವ ಮಳೆ ನಕ್ಷತ್ರ. ಕಣ್ಣು ಕಾಣದವಳು ಬಿತ್ತಿದ ಹಾಗೆ, ಕೈ ಬೀಸಿದ ಕಡೆ ಬೀಳುತ್ತದೆ, ಪಕ್ಕದ ಹೊಲ ಒಣಗಿರುತ್ತದೆ. ಹವಾಮಾನದ ಪುಸ್ತಕಗಳು ಸ್ಥಳೀಯ ಗುಡುಗು ಮಳೆ ಅಂತ ಎರಡು ಪುಟದಲ್ಲಿ ಹೇಳುವುದನ್ನು ನಾಲ್ಕು ಪದದಲ್ಲಿ ಹೇಳಿ ಮುಗಿಸಿದ್ದಾರೆ.

ಡಬ್ಬ ಮತ್ತು ಎಂಟೂವರೆ ಗಂಟೆ

ವಿಜಯನಗರದ ನಮ್ಮ ಮನೆಯ ತಾರಸಿ ಮೇಲೆ ಒಂದು ಸ್ಟೀಲ್ ಡಬ್ಬ ಇದೆ. ಹಿಂದೆ ಚಕ್ಕುಲಿ ತುಂಬಿಡುತ್ತಿದ್ದದ್ದು. ಗೋಡೆ ನೆಟ್ಟಗೆ ಇದೆ, ಬಾಯಿ ಮತ್ತು ತಳ ಒಂದೇ ಅಳತೆ. ಮಳೆ ಅಳೆಯಲು ಅಷ್ಟು ಸಾಕು. ಬೆಳಗ್ಗೆ ಎಂಟೂವರೆಗೆ ಸ್ಕೂಲ್ ಸ್ಕೇಲ್ ಇಳಿಬಿಟ್ಟು ನೀರು ಎಷ್ಟಿದೆ ನೋಡಿ ಪುಸ್ತಕದಲ್ಲಿ ಬರೆದು, ನೀರನ್ನು ತುಳಸಿ ಕುಂಡಕ್ಕೆ ಚೆಲ್ಲುತ್ತೇನೆ. 2017ರಲ್ಲಿ ತುಳಸಿ ಬೇರು ಕೊಳೆತು ಹೋಯಿತು. ಆಮೇಲೆ ಮೋರಿಗೆ ಚೆಲ್ಲಿದೆ.

ನನ್ನ ಡಬ್ಬದ ಲೆಕ್ಕ ಯಾರಿಗೂ ಬೇಡ, ನನಗೇ ಅದರ ಮೇಲೆ ಪೂರ್ತಿ ನಂಬಿಕೆ ಇಲ್ಲ. ಗಾಳಿಗೆ ಹನಿ ಓರೆಯಾದರೆ ಡಬ್ಬಕ್ಕೆ ಕಡಿಮೆ ಬೀಳುತ್ತದೆ. ಪಕ್ಕದ ಮನೆ ನೀರಿನ ಟ್ಯಾಂಕ್ ಮರೆಯಾಗುತ್ತದೆ. ಆದರೆ ಅದು ಎರಡು ವಿಷಯ ಕಲಿಸಿತು.

ಮೊದಲನೆಯದು ಎಂಟೂವರೆ. ಹವಾಮಾನ ಇಲಾಖೆಯ ದಿನ ರಾತ್ರಿ ಹನ್ನೆರಡಕ್ಕೆ ಬದಲಾಗುವುದಿಲ್ಲ. ಬೆಳಗ್ಗೆ 8:30ಕ್ಕೆ ಬದಲಾಗುತ್ತದೆ. ಹಿಂದಿನ ದಿನ 8:30ರಿಂದ ಇಂದು 8:30ರವರೆಗೆ ಬಿದ್ದ ಮಳೆಗೆ ಇಂದಿನ ತಾರೀಖು. ನಮ್ಮ ಮಳೆ ಸಾಯಂಕಾಲದ ಮಳೆ. ಹಾಗಾಗಿ ನಾವು ನೆನೆದದ್ದು ಒಂದು ದಿನ, ದಾಖಲೆಯಲ್ಲಿ ಬರುವುದು ಮರುದಿನ. ಅಕ್ಟೋಬರ್‌ನಲ್ಲಿ 24 ಗಂಟೆಯಲ್ಲಿ ಬಿದ್ದ ಅತಿ ಹೆಚ್ಚು ಮಳೆ ಅಂತ ಹೇಳುವುದು 1997ರ ಅಕ್ಟೋಬರ್ 1ರ 178.9 ಮಿ.ಮೀ. ಈ ಕಟ್ಟಳೆ ಹಿಡಿದು ನೋಡಿದರೆ ಅದು ಸೆಪ್ಟೆಂಬರ್ 30ರ ಬೆಳಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆವರೆಗಿನ ಲೆಕ್ಕ! ಆ ಇಪ್ಪತ್ತನಾಲ್ಕು ಗಂಟೆಯಲ್ಲಿ ಹದಿನೈದೂವರೆ ಗಂಟೆ ನಮ್ಮ ಕ್ಯಾಲೆಂಡರ್ ಪ್ರಕಾರ ಇನ್ನೂ ಸೆಪ್ಟೆಂಬರ್. ಅಕ್ಟೋಬರ್‌ನ ದೊಡ್ಡ ದಾಖಲೆ ಬಾಗಿಲ ಹೊಸ್ತಿಲ ಮೇಲೆ ಕೂತಿದೆ.

2017ರಲ್ಲೂ ಅಷ್ಟೇ. ಸೆಪ್ಟೆಂಬರ್ 30 ವಿಜಯದಶಮಿ. ಆ ದಿನ ಬೆಳಗ್ಗೆ ಎಂಟೂವರೆಗೆ ಸೆಪ್ಟೆಂಬರ್‌ನ ಖಾತೆ 513.8ಕ್ಕೆ ಮುಚ್ಚಿತು. ಅದಾದ ಮೇಲೆ ಬಿದ್ದ ಹನಿ ಎಲ್ಲ ಅಕ್ಟೋಬರ್ ಪಾಲು. ಹೋಲಿಕೆಗೆ ಒಂದು ಮಾತು: ಇಲಾಖೆ 'ಮಳೆಯ ದಿನ' ಅಂತ ಕರೆಯಬೇಕಾದರೆ ಕನಿಷ್ಠ 2.5 ಮಿ.ಮೀ. ಬೀಳಬೇಕು. 1986ರ ದಾಖಲೆಗೆ ಕಡಿಮೆಯಾದ ಆ 2.8 ಮಿ.ಮೀ. ಅಂದರೆ ಲೆಕ್ಕಕ್ಕೆ ಬರುವ ಅತಿ ಸಣ್ಣ ಮಳೆಯ ದಿನ ಒಂದೇ ಒಂದು.

ಎರಡನೆಯದು ಜಾಗ. ಬೆಂಗಳೂರಿನ 'ಮಳೆ' ಅಂತ ನಾವು ಓದುವ ಅಂಕಿ ಅರಮನೆ ರಸ್ತೆಯ ಹವಾಮಾನ ಕೇಂದ್ರದ್ದು. ಎಚ್‌ಎಎಲ್ ವಿಮಾನ ನಿಲ್ದಾಣಕ್ಕೆ ಬೇರೆ ಲೆಕ್ಕ, ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬೇರೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನಗರದ ಉದ್ದಕ್ಕೂ ತಾನೇ ಅಂಕಿ ಕಳಿಸುವ ಮಾಪಕಗಳನ್ನು ಇಟ್ಟಿದೆ. ಆದರೆ ನೂರು ವರ್ಷ ಹಿಂದಕ್ಕೆ ಹೋಗಿ ಹೋಲಿಸಬೇಕು ಅಂದರೆ ನಗರ ಕೇಂದ್ರದ ಅಂಕಿಯೇ ಗತಿ. 700 ಚದರ ಕಿಲೋಮೀಟರ್‌ಗೂ ಜಾಸ್ತಿ ಹರಡಿರುವ ಊರಿಗೆ ಒಂದು ಊಟದ ತಟ್ಟೆಗಿಂತ ಸಣ್ಣ ಬಾಯಿ ಸಾಕ್ಷಿ ಹೇಳಬೇಕು. ಕುರುಡು ಚಿತ್ತೆ ಆ ತಟ್ಟೆಯ ಮೇಲೆ ಎರಚಿದರೆ ದಾಖಲೆ, ಯಲಹಂಕದ ಮೇಲೆ ಎರಚಿದರೆ ಯಲಹಂಕದವರ ಕಷ್ಟ. 2024ರ ಅಕ್ಟೋಬರ್ 22ರ ಬೆಳಗ್ಗೆವರೆಗಿನ ಮಳೆಯಲ್ಲಿ ಯಲಹಂಕದ ಚೌಡೇಶ್ವರಿ ವಾರ್ಡ್‌ನಲ್ಲಿ 157 ಮಿ.ಮೀ. ದಾಖಲಾಗಿತ್ತು. ನಮ್ಮ ತಾರಸಿಯ ಡಬ್ಬ ನೋಡಿದವರು ಅದನ್ನು ನಂಬುತ್ತಿರಲಿಲ್ಲ.

ವಾಡಿಕೆಯ ಒಳಗೆ ಏನಿದೆ

ಈಗ ವಾಡಿಕೆಗೆ ಬರೋಣ. ಅದು ಮೂವತ್ತು ವರ್ಷದ ಸರಾಸರಿ. 2017ರಲ್ಲಿ ಬಳಸುತ್ತಿದ್ದ ಬೆಂಗಳೂರಿನ ಅಂಕಿ 1981ರಿಂದ 2010ರವರೆಗಿನದ್ದು. ಅಕ್ಟೋಬರ್‌ಗೆ 168.3 ಅಂದೆನಲ್ಲ, ಆ ಮೂವತ್ತು ಅಕ್ಟೋಬರ್‌ಗಳನ್ನು ಕೂಡಿಸಿದರೆ 5,049 ಮಿ.ಮೀ. ಅದರಲ್ಲಿ 2005 ಅನ್ನುವ ಒಂದೇ ವರ್ಷದ ಪಾಲು 605.6. ಅದು ಬೆಂಗಳೂರಿನ ಅತಿ ಹೆಚ್ಚು ಮಳೆಯ ಅಕ್ಟೋಬರ್. 1956ರ 522.2 ಎರಡನೆಯದು.

ಮೂವತ್ತರಲ್ಲಿ ಒಂದು ವರ್ಷದ ನ್ಯಾಯವಾದ ಪಾಲು ನೂರಕ್ಕೆ ಮೂರು ಚಿಲ್ಲರೆ. 2005 ತಗೊಂಡದ್ದು ನೂರಕ್ಕೆ 12. ಅದೊಂದನ್ನು ಪಕ್ಕಕ್ಕಿಟ್ಟು ಉಳಿದ 29 ಅಕ್ಟೋಬರ್‌ಗಳ ಸರಾಸರಿ ತೆಗೆದರೆ 153 ಮಿ.ಮೀ. ಆಗುತ್ತದೆ. ಅಂದರೆ 'ವಾಡಿಕೆ' ಅಂತ ನಾವು ಕರೆಯುವ ಅಂಕಿಯಲ್ಲಿ 15 ಮಿ.ಮೀ. ಒಂದೇ ತಿಂಗಳ ಹುಚ್ಚಾಟದ್ದು. ಮದುವೆ ಮನೆಯಲ್ಲಿ ಒಬ್ಬ ಮೂವತ್ತು ಹೋಳಿಗೆ ತಿಂದರೆ ಎಲ್ಲರೂ ಸರಾಸರಿ ಒಂದು ಜಾಸ್ತಿ ತಿಂದರು ಅಂತ ಲೆಕ್ಕ ಬರುತ್ತದಲ್ಲ, ಹಾಗೆ.

ಇಷ್ಟಕ್ಕೇ ನಿಲ್ಲುವುದಿಲ್ಲ. ವಾಡಿಕೆಗಿಂತ ನೂರಕ್ಕೆ 19 ಆಚೀಚೆ ಇದ್ದರೆ ಇಲಾಖೆ ಅದನ್ನು 'ವಾಡಿಕೆ ಮಳೆ' ಅಂತಲೇ ಕರೆಯುತ್ತದೆ. ಅಕ್ಟೋಬರ್‌ಗೆ ಆ ಪಟ್ಟಿ 136ರಿಂದ 200 ಮಿ.ಮೀ.ವರೆಗೆ. ಅಗಲ 64 ಮಿ.ಮೀ. ಇನ್ನು, 24 ಗಂಟೆಯ ಮಳೆಯನ್ನು 'ಭಾರೀ ಮಳೆ' ಅನ್ನಬೇಕಾದರೆ 64.5 ಮಿ.ಮೀ. ಬೀಳಬೇಕು. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿದಾಗ ನಾನು ಸ್ಕೇಲ್ ಕೆಳಗಿಟ್ಟೆ. ತಿಂಗಳ ಒಂದು ಸಾಯಂಕಾಲ ಒಂದು ಭಾರೀ ಮಳೆ ಈ ಕಡೆ ತಿರುಗಿದರೆ ಸಾಕು, 'ವಾಡಿಕೆ'ಯ ತಳದಲ್ಲಿದ್ದ ಅಕ್ಟೋಬರ್ ಒಂದೇ ನೆಗೆತಕ್ಕೆ 'ವಾಡಿಕೆಗಿಂತ ಹೆಚ್ಚು' ಆಗಿಬಿಡುತ್ತದೆ. ಉಳಿದ ಮೂವತ್ತು ದಿನ ಏನಾಯಿತು ಅನ್ನುವುದಕ್ಕೆ ಅಲ್ಲಿ ಬೆಲೆಯೇ ಇಲ್ಲ. 1997ರ ಆ ಒಂದು ದಿನದ 178.9, ಇಡೀ ಅಕ್ಟೋಬರ್‌ನ ವಾಡಿಕೆಗಿಂತ ಜಾಸ್ತಿ.

ಆದ್ದರಿಂದ ಬೆಂಗಳೂರಿನ ಸೆಪ್ಟೆಂಬರ್, ಅಕ್ಟೋಬರ್‌ಗಳಿಗೆ ಸರಾಸರಿ ಅಂದರೆ ಜನ ನಿಜವಾಗಿ ಕಂಡ ತಿಂಗಳಲ್ಲ. ಕೆಲವು ಒದ್ದೆ ಸಾಯಂಕಾಲಗಳನ್ನು ಮೂವತ್ತು ವರ್ಷದ ಮೇಲೆ ತೆಳ್ಳಗೆ ಹಚ್ಚಿದ ಬೆಣ್ಣೆ ಅದು.

ಮತ್ತೆ 2017ಕ್ಕೆ

ಆ ವರ್ಷದ ಜೂನ್, ಜುಲೈ ಎರಡೂ ವಾಡಿಕೆ ಮುಟ್ಟಿರಲಿಲ್ಲ. ಬೋರ್‌ವೆಲ್ ಬತ್ತಿದ ಮಾತು, ಟ್ಯಾಂಕರ್ ರೇಟು ಏರಿದ ಮಾತು. ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ದಿನದ ಹಿಂದಿನ ರಾತ್ರಿ ಆಕಾಶ ಒಡೆಯಿತು. ದಕ್ಷಿಣದ ಬಡಾವಣೆಗಳಲ್ಲಿ ಮನೆಗೆ ನೀರು ನುಗ್ಗಿ, ಬೆಳಗ್ಗೆ ಧ್ವಜ ಹಾರಿಸುವ ಹೊತ್ತಿಗೆ ಜನ ಹಾಸಿಗೆ ಹಿಂಡುತ್ತಿದ್ದರು. ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ರಸ್ತೆಗೆ ಬಂದು ಸ್ಕೂಟರ್‌ಗಳ ಮೇಲೆ ಕೂತ ಚಿತ್ರಗಳು ಆ ಕಾಲದವೇ.

ಸೆಪ್ಟೆಂಬರ್ ಹೇಗಿತ್ತು ಅಂತ ಆಗಲೇ ಹೇಳಿದೆ. ಅದನ್ನು ಇನ್ನೊಂದು ಅಳತೆಯಲ್ಲಿ ನೋಡಿ. ಮೂವತ್ತು ನಲವತ್ತರ ಸೈಟು, 1,200 ಚದರ ಅಡಿ. ಆ ಒಂದು ತಿಂಗಳಲ್ಲಿ ಅದರ ಮೇಲೆ ಬಿದ್ದ ನೀರು ಸುಮಾರು 57,000 ಲೀಟರ್. ಆರು ಸಾವಿರ ಲೀಟರ್‌ನ ಟ್ಯಾಂಕರ್ ಲೆಕ್ಕದಲ್ಲಿ ಒಂಬತ್ತೂವರೆ. ಅದೂ ಒಂದೊಂದು ಸೈಟಿಗೆ. ಸೈಟಿನ ಮೇಲೆ ಮಣ್ಣಿದ್ದರೆ ಅರ್ಧ ಒಳಗೆ ಇಳಿಯುತ್ತಿತ್ತೇನೋ. ಕಾಂಕ್ರೀಟ್ ಇದ್ದರೆ ಅಷ್ಟೂ ಗೇಟು ದಾಟಿ ರಸ್ತೆಗೆ, ರಸ್ತೆಯಿಂದ ಚರಂಡಿಗೆ, ಚರಂಡಿಯಿಂದ ರಾಜಕಾಲುವೆಗೆ.

ಅಕ್ಟೋಬರ್ ಬಂದಾಗ ನೆಲ ತುಂಬಿತ್ತು, ಕೆರೆ ತುಂಬಿತ್ತು. ಇದು ತಿಂಗಳ ಅಂಕಿಯಲ್ಲಿ ಕಾಣುವುದೇ ಇಲ್ಲ. ಜೂನ್‌ನಲ್ಲಿ ಬಿದ್ದ 60 ಮಿ.ಮೀ. ಮತ್ತು ಅಂಥ ಸೆಪ್ಟೆಂಬರ್ ಆದ ಮೇಲೆ ಬಿದ್ದ 60 ಮಿ.ಮೀ. ಮಾಪಕಕ್ಕೆ ಒಂದೇ. ರಾಜಕಾಲುವೆ ಪಕ್ಕದ ಮನೆಗೆ ಅವೆರಡೂ ಬೇರೆಬೇರೆ. ಅಕ್ಟೋಬರ್ 13ರ ಶುಕ್ರವಾರ ರಾತ್ರಿ ವೃಷಭಾವತಿ ಕಣಿವೆಯ ಕುರುಬರಹಳ್ಳಿಯಲ್ಲಿ ಕಾಲುವೆ ಉಕ್ಕಿ ಜನ ಕೊಚ್ಚಿಹೋದರು. ದೀಪಾವಳಿಗೆ ಐದು ದಿನ ಇತ್ತು. ನಮ್ಮ ಮನೆಯಿಂದ ಆ ಜಾಗ ದೂರವಿಲ್ಲ. ಮರುದಿನ ಬೆಳಗ್ಗೆ ನಾನು ಡಬ್ಬಕ್ಕೆ ಸ್ಕೇಲ್ ಇಳಿಬಿಡುವಾಗ ಕೆಳಗಿನ ಮನೆಯ ಅಜ್ಜಿ ಮೆಟ್ಟಿಲ ಹತ್ತಿರ ನಿಂತು, 'ಅದ್ರಲ್ಲಿ ಏನ್ ನೋಡ್ತೀಯಪ್ಪಾ, ಸಾಕು ಬಾ' ಅಂದರು. ಆ ದಿನದ ಅಂಕಿ ಪುಸ್ತಕದಲ್ಲಿ ಇಲ್ಲ.

ಆ ವಾರಾಂತ್ಯದ ಹೊತ್ತಿಗೆ ವರ್ಷದ ಒಟ್ಟು ಮಳೆ 1,615 ಮಿ.ಮೀ. ತಲುಪಿ, 2005ರ 1,606.8ರ ದಾಖಲೆ ಮುರಿಯಿತು. ವರ್ಷದ ವಾಡಿಕೆ ಆಗ 986.8. ಅಕ್ಟೋಬರ್ ಕೂಡ ತನ್ನ ವಾಡಿಕೆಯ ಎರಡು ಪಟ್ಟು ದಾಟಿತು. ರಸ್ತೆ ಗುಂಡಿಗಳ ಸುದ್ದಿ ದಿನಾ ಮೊದಲ ಪುಟದಲ್ಲಿ.

ನನಗೆ ಇಲ್ಲಿ ಕುತೂಹಲ ಹುಟ್ಟಿಸುವುದು ಆಮೇಲಿನ ಕಥೆ. ಡಿಸೆಂಬರ್ 31ಕ್ಕೆ ವರ್ಷದ ಲೆಕ್ಕ ಮುಗಿದದ್ದು 1,696 ಮಿ.ಮೀ.ಗೆ. ಅಂದರೆ ಅಕ್ಟೋಬರ್ ಮಧ್ಯದಿಂದ ವರ್ಷದ ಕೊನೆಯವರೆಗೆ, ಎರಡೂವರೆ ತಿಂಗಳಲ್ಲಿ, ಬಿದ್ದದ್ದು ಬರೀ 80 ಮಿ.ಮೀ. ಆಸುಪಾಸು. ಆ ಅವಧಿಯ ವಾಡಿಕೆ ಎಷ್ಟು? ಅರ್ಧ ಅಕ್ಟೋಬರ್‌ಗೆ 84, ನವೆಂಬರ್‌ಗೆ 48.9, ಡಿಸೆಂಬರ್‌ಗೆ 15.7. ಕೂಡಿಸಿದರೆ 150ರ ಹತ್ತಿರ. ಹಾಗಾದರೆ ಬೆಂಗಳೂರು ಅಲ್ಲಿಯವರೆಗೆ ಕಂಡ ಅತಿ ಹೆಚ್ಚು ಮಳೆಯ ವರ್ಷದ ಕೊನೆಯ ಭಾಗ ವಾಡಿಕೆಗಿಂತ ಒಣಗಿತ್ತು! ದಾಖಲೆ ಮುರಿದ ಸಂಭ್ರಮದಲ್ಲಿ ಇದನ್ನು ಯಾರೂ ಗಮನಿಸಿದಂತಿಲ್ಲ.

ಸೆಪ್ಟೆಂಬರ್ 'ಜಾಸ್ತಿ', ಅಕ್ಟೋಬರ್ 'ಜಾಸ್ತಿ' ಅಂತ ತಿಂಗಳ ಚೌಕದಲ್ಲಿ ತುಂಬಿದರೆ ಇದು ಮುಚ್ಚಿಹೋಗುತ್ತದೆ. ಅಕ್ಟೋಬರ್‌ನ ಮೊದಲರ್ಧ ಇಡೀ ತಿಂಗಳ ಮಾನ ಕಾಪಾಡಿತು. ಮಳೆ ನಕ್ಷತ್ರದ ಲೆಕ್ಕದವರು ಹೀಗೆ ಮೋಸ ಹೋಗುತ್ತಿರಲಿಲ್ಲ. ಅವರ ಚೌಕ ಹದಿಮೂರು ಹದಿನಾಲ್ಕು ದಿನದ್ದು. ಉತ್ತರೆ, ಹಸ್ತ ಸುರಿದವು, ಚಿತ್ತೆ ಅರ್ಧಕ್ಕೆ ಕೈ ಎತ್ತಿತು, ಸ್ವಾತಿ, ವಿಶಾಖ ಮುಖ ತಿರುಗಿಸಿದವು ಅಂತ ಒಂದೇ ಸಾಲಿನಲ್ಲಿ ಹೇಳಿಬಿಡುತ್ತಿದ್ದರು.

ಇಲಾಖೆಯ ಕ್ಯಾಲೆಂಡರ್‌ನಲ್ಲಿ ಇನ್ನೊಂದು ಗೋಡೆ ಇದೆ. ಸೆಪ್ಟೆಂಬರ್ 30ರವರೆಗೆ ಮುಂಗಾರಿನ ಖಾತೆ, ಅಕ್ಟೋಬರ್ 1ರಿಂದ ಹಿಂಗಾರಿನ ಖಾತೆ. 2017ರಲ್ಲಿ ಮುಂಗಾರು ದೇಶ ಬಿಟ್ಟು ಹೋದದ್ದು ಅಕ್ಟೋಬರ್ ಕೊನೆಯ ವಾರದಲ್ಲಿ. ಅಂದರೆ ಹಿಂಗಾರಿನ ಖಾತೆಗೆ ಜಮಾ ಆದ ಆ ಅಕ್ಟೋಬರ್ ಮಳೆಯ ಬಹುಪಾಲು ಹಿಂಗಾರು ಶುರುವಾಗುವ ಮೊದಲೇ ಬಿದ್ದದ್ದು. ನಿಜವಾದ ಹಿಂಗಾರು ಬಂದ ಮೇಲೆ ನಮಗೆ ಸಿಕ್ಕಿದ್ದು ತುಂತುರು.

ಮಾಗಡಿ ಕಡೆ ಚಿಕ್ಕಪ್ಪನಿಗೆ ಒಂದೂವರೆ ಎಕರೆ ರಾಗಿ ಹೊಲ. ಆ ನವೆಂಬರ್ ಶುರುವಲ್ಲಿ ಫೋನ್ ಮಾಡಿ, 'ಚಿಕ್ಕಪ್ಪ, ಈ ವರ್ಷ ಮಳೆ ದಾಖಲೆ ಗೊತ್ತಾ? ವಾಡಿಕೆಗಿಂತ ನೂರಕ್ಕೆ ಎಪ್ಪತ್ತು ಜಾಸ್ತಿ' ಅಂತ ಜಂಭದಿಂದ ಹೇಳಿದೆ.

'ಅದು ಕಟ್ಕೊಂಡು ನಂಗೇನಾಗ್ಬೇಕೋ? ತೆನೆ ಕಟ್ಟೋ ಹೊತ್ತಲ್ಲಿ ಎಷ್ಟು ದಿನ ಬಿಡುವು ಕೊಡ್ತದೆ ಅಂತ ಗೊತ್ತಿದ್ರೆ ಹೇಳು' ಅಂದರು.

ನನ್ನ ಪುಸ್ತಕ ತಿರುವಿ ನೋಡಿದೆ. ಮಳೆ ಬಿದ್ದ ದಿನ ಎಲ್ಲ ಬರೆದಿದ್ದೆ. ಬೀಳದ ದಿನದ ಸಾಲೇ ಇರಲಿಲ್ಲ. ಅಂದಿನಿಂದ ಸೊನ್ನೆಯನ್ನೂ ಬರೆಯುತ್ತೇನೆ. ಕೊನೆಗೆ ಅವರ ರಾಗಿ ಚೆನ್ನಾಗಿಯೇ ಬಂತು. ಕಟಾವಿನ ಹೊತ್ತಿಗೆ ಒಣ ಹವೆ ಸಿಕ್ಕಿತ್ತು. ವಾಡಿಕೆಗಿಂತ ಕಡಿಮೆ ಬಿದ್ದ ಆ ಕೊನೆಯ ವಾರಗಳು ಅವರಿಗೆ ವರ.

ಅಂಕಿ ಬದಲಾಯಿತು

ಈಗ ವಾಡಿಕೆ ಬೇರೆ. 1991ರಿಂದ 2020ರವರೆಗಿನ ಮೂವತ್ತು ವರ್ಷದ ಸರಾಸರಿ ಬಳಕೆಗೆ ಬಂದಿದೆ. ಸೆಪ್ಟೆಂಬರ್ 212.8ರಿಂದ 208.3ಕ್ಕೆ ಇಳಿದಿದೆ. ಅಕ್ಟೋಬರ್ 168.3ರಿಂದ 186.4ಕ್ಕೆ ಏರಿದೆ.

ಸೆಪ್ಟೆಂಬರ್ ಹೆಚ್ಚುಕಮ್ಮಿ ಅಲ್ಲೇ ಉಳಿದದ್ದರ ಹಿಂದೆ ಒಂದು ತಮಾಷೆ ಇದೆ. ಹಳೆ ಮೂವತ್ತು ವರ್ಷದಿಂದ ಹೊರಗೆ ಹೋದದ್ದು 1986ರ 516.6. ಹೊಸದಕ್ಕೆ ಒಳಗೆ ಬಂದದ್ದು 2017ರ 513.8. ಬಸ್ಸಿನಲ್ಲಿ ಒಬ್ಬ ದಪ್ಪ ಆಸಾಮಿ ಇಳಿದು, ಅದೇ ಸೀಟಿಗೆ ಅಷ್ಟೇ ದಪ್ಪದ ಇನ್ನೊಬ್ಬ ಬಂದು ಕೂತ ಹಾಗೆ. ಬೇರೆ ವರ್ಷಗಳೂ ಬದಲಾದವು, ನಿಜ. 24 ಗಂಟೆಯಲ್ಲಿ 177.6 ಮಿ.ಮೀ. ಸುರಿದ 1988ರ ಸೆಪ್ಟೆಂಬರ್ 12 ಕೂಡ ಹೊರಗೆ ಹೋಯಿತು. 2014ರ ಸೆಪ್ಟೆಂಬರ್ 26ರ 132.3 ಒಳಗೆ ಬಂತು. ಆದರೆ ದೊಡ್ಡ ತೂಕ ಎರಡೂ ಕಡೆ ಸಮ.

ಅಕ್ಟೋಬರ್‌ಗೆ ಅಂಥ ಅದಲುಬದಲು ಆಗಲಿಲ್ಲ. 2005 ಹಳೆಯದರಲ್ಲೂ ಇತ್ತು, ಹೊಸದರಲ್ಲೂ ಇದೆ. ಅದರ ಜೊತೆಗೆ 2017 ಸೇರಿತು. ಹಾಗಾಗಿ ಪೇಪರಿನಲ್ಲಿ 'ಅಕ್ಟೋಬರ್ ಮಳೆ ವಾಡಿಕೆಗಿಂತ ಕಡಿಮೆ' ಅಂತ ಓದಿದಾಗ ಒಂದು ಕ್ಷಣ ನಿಲ್ಲುತ್ತೇನೆ. ಹಳೆ ವಾಡಿಕೆ ಇದ್ದಾಗ 150 ಮಿ.ಮೀ. ಬಿದ್ದರೆ ನೂರಕ್ಕೆ 11 ಕೊರತೆ. ಈಗ ಅದೇ 150ಕ್ಕೆ ನೂರಕ್ಕೆ 20ರ ಹತ್ತಿರ ಕೊರತೆ. ಮಳೆ ಅಷ್ಟೇ, ಅಳೆಯುವ ಕೋಲು ಉದ್ದವಾಯಿತು.

ಇದನ್ನೆಲ್ಲ ಪೆಸಿಫಿಕ್ ಸಾಗರದ ನೀರು ಮಾಮೂಲಿಗಿಂತ ಬಿಸಿಯಾಗುವ ಎಲ್ ನಿನೊ, ತಣ್ಣಗಾಗುವ ಲಾ ನಿನಾ ತಲೆಗೆ ಕಟ್ಟುವವರು ಇದ್ದಾರೆ. ಸ್ವಲ್ಪ ಸರಿ, ಸ್ವಲ್ಪ ಇಲ್ಲ. 2022 ಲಾ ನಿನಾ ವರ್ಷ, 2023 ಎಲ್ ನಿನೊ ವರ್ಷ. ಮೊದಲನೆಯದು ಮುಳುಗಿಸಿತು, ಎರಡನೆಯದು ಒಣಗಿಸಿತು, 2024ರ ಮಾರ್ಚ್‌ನಲ್ಲಿ ಊರಿಗೆ ಊರೇ ಟ್ಯಾಂಕರ್ ಹಿಂದೆ ಓಡಿತು. ಆದರೆ 2015 ಬಲವಾದ ಎಲ್ ನಿನೊ ವರ್ಷ, ಆ ನವೆಂಬರ್, ಡಿಸೆಂಬರ್‌ನಲ್ಲೇ ಚೆನ್ನೈ ಮುಳುಗಿದ್ದು. ಹಿಂಗಾರಿಗೆ ತನ್ನದೇ ಹಟ.

2017ರ ವಾರ್ಷಿಕ ದಾಖಲೆ ಐದೇ ವರ್ಷ ಬಾಳಿತು. 2022ರ ಸೆಪ್ಟೆಂಬರ್ 5ರ ಬೆಳಗ್ಗೆ ಎಂಟೂವರೆಗೆ ನಗರದ ಮಾಪಕ 131.6 ತೋರಿಸಿತು. ಹೊರ ವರ್ತುಲ ರಸ್ತೆಯ ಕಡೆ ಐಟಿ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ವಾರ ಅದು. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪ್‌ಹೌಸ್‌ಗೂ ನೀರು ನುಗ್ಗಿ, ಮುಳುಗಿದ ಬೆಂಗಳೂರಿಗೆ ಕುಡಿಯುವ ನೀರಿಲ್ಲದ ಹಾಗಾಯಿತು. ಆ ಅಕ್ಟೋಬರ್‌ನಲ್ಲಿ ವರ್ಷದ ಒಟ್ಟು 1,696 ದಾಟಿತು.

2021ರಿಂದ ಆಚೆಯ ಯಾವ ವರ್ಷವೂ ಈಗಿನ ವಾಡಿಕೆಯಲ್ಲಿ ಇಲ್ಲ. ಮುಂದಿನ ಲೆಕ್ಕ 2001ರಿಂದ 2030ರವರೆಗಿನದ್ದು ಬಂದಾಗ 2022 ಒಳಗೆ ಬರುತ್ತದೆ, ಹೊಸ್ತಿಲ ಮೇಲೆ ಕೂತಿರುವ 1997ರ 178.9 ಹೊರಗೆ ಹೋಗುತ್ತದೆ. 2017 ಇರುತ್ತದೆ. ಮೂವತ್ತು ಹೋಳಿಗೆ ತಿಂದ 2005 ಆಗಲೂ ಪಂಕ್ತಿಯಲ್ಲೇ ಕೂತಿರುತ್ತದೆ.